ನಿಂಬೆರಸ ಹೃದಯದ ಬ್ಲಾಕೇಜ್ ಕರಗಿಸುವುದಿಲ್ಲ, ಹಲ್ಲು ಕರಗಿಸುತ್ತದೆ



ಹೃದಯದ ಡಾಕ್ಟರು ಇವತ್ತು ಹಲ್ಲಿನ ಬಗ್ಗೆ ಬರೆಯುತ್ತಿದ್ದಾರಲ್ಲ ಎಂದು ನಿಮಗೆ ಆಶ್ಚರ್ಯವಾಗಬಹುದು. ಕಾರಣ ನಿಮ್ಮ ಮೊಬೈಲಿನಲ್ಲೇ ಇದೆ. ಈ ಸಂದೇಶ ನಿಮಗೂ ಒಮ್ಮೆಯಾದರೂ ಬಂದಿರುತ್ತದೆ:

"ಒಂದು ಲೋಟ ನಿಂಬೆರಸ, ಒಂದು ಲೋಟ ಶುಂಠಿರಸ, ಒಂದು ಲೋಟ ಬೆಳ್ಳುಳ್ಳಿರಸ, ಒಂದು ಲೋಟ ಆಪಲ್ ಸೈಡರ್ ವಿನೆಗರ್. ಚೆನ್ನಾಗಿ ಕುದಿಸಿ, ಆರಿದ ಮೇಲೆ ಜೇನುತುಪ್ಪ ಬೆರೆಸಿ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ತೆಗೆದುಕೊಳ್ಳಿ. ಹೃದಯದ ಬ್ಲಾಕೇಜ್ ಕರಗಿಹೋಗುತ್ತದೆ. ಬೈಪಾಸ್ ಬೇಡ. ಸೈಡ್ ಎಫೆಕ್ಟ್ ಇಲ್ಲ. ಹತ್ತು ಜನರಿಗೆ ಕಳುಹಿಸಿ, ಒಂದು ಜೀವ ಉಳಿಸಿ."

ಇದು ಮುಂಬೈಯ ಮಾವನಿಂದ ಪುಣೆಯ ಅತ್ತಿಗೆಗೆ, ಅಲ್ಲಿಂದ ಹೈದರಾಬಾದ್, ಚೆನ್ನೈ, ದೆಹಲಿಯ ಕನ್ನಡ ಬಳಗಗಳಿಗೆ ಸುತ್ತುತ್ತಲೇ ಇರುತ್ತದೆ. ಇದರ ತಮ್ಮನಂತೆ ಇನ್ನೊಂದು ಅಭ್ಯಾಸವಿದೆ: ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರಿಗೆ ನಿಂಬೆರಸ, ಜೇನುತುಪ್ಪ. "ಡಾಕ್ಟ್ರೇ, ನಾನು ದಿನಾ ಇದನ್ನು ತಗೋತೀನಿ, ಮಾತ್ರೆ ಬಿಡಬಹುದಾ?" ಎಂದು ಕೇಳುವವರು ನನ್ನ ಒಪಿಡಿಗೆ ಬರುತ್ತಲೇ ಇರುತ್ತಾರೆ. ಕೆಲವರು ಕೇಳುವುದೂ ಇಲ್ಲ, ಆಗಲೇ ಬಿಟ್ಟು ಬಂದಿರುತ್ತಾರೆ.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಈ ಪಾನೀಯದಿಂದ ಹೃದಯದ ಬ್ಲಾಕೇಜ್ ಕರಗುವುದಿಲ್ಲ. ಆದರೆ ವರ್ಷಗಟ್ಟಲೆ ಹೀಗೆ ಹುಳಿ ಕುಡಿದರೆ ಹಲ್ಲಿನ ಹೊರಪದರ, ಅಂದರೆ ಎನಾಮೆಲ್, ಸವೆಯುತ್ತದೆ. ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ಆ ಸಂದೇಶದಲ್ಲಿ ನನಗೆ ಅತ್ಯಂತ ಆಕ್ಷೇಪಾರ್ಹವಾಗಿ ಕಾಣುವ ಮಾತು "ಸೈಡ್ ಎಫೆಕ್ಟ್ ಇಲ್ಲ" ಎಂಬುದು.

*ಹುಳಿ ಎಲ್ಲಿ ಕೆಲಸ ಮಾಡುತ್ತದೆ?*

ನಿಂಬೆರಸಕ್ಕೆ ಸುಣ್ಣದ ಅಂಶವನ್ನು ಕರಗಿಸುವ ಶಕ್ತಿ ಇದೆ. ಬಾತ್‌ರೂಮಿನ ನಲ್ಲಿಯ ಮೇಲೆ ಕಟ್ಟಿದ ಬಿಳಿ ಕಲೆಗೆ ನಿಂಬೆಹೋಳು ಉಜ್ಜಿದವರಿಗೆ ಇದು ಗೊತ್ತು. "ನಲ್ಲಿಯ ಕಲೆ ಹೋದಂತೆ ರಕ್ತನಾಳದ ಕೊಳೆಯೂ ಹೋಗಬೇಕಲ್ಲವೇ?" ಎಂಬುದು ಜನರ ತರ್ಕ. ಕೇಳಲು ಸರಿ ಅನ್ನಿಸುತ್ತದೆ. ತಪ್ಪು ಎಲ್ಲಿದೆ ನೋಡಿ.

ನೀವು ಕುಡಿದ ನಿಂಬೆರಸ ಮೊದಲು ಹೊಟ್ಟೆಗೆ ಹೋಗುತ್ತದೆ. ಅಲ್ಲಿ ಆಗಲೇ ನಿಂಬೆಗಿಂತ ಪ್ರಬಲವಾದ ಆಮ್ಲವಿದೆ. ಅಲ್ಲಿಂದ ಕರುಳಿಗೆ ಇಳಿಯುವಾಗ ದೇಹವೇ ಆ ಹುಳಿಯನ್ನು ಶಮನ ಮಾಡುತ್ತದೆ. ರಕ್ತದ ಪಿಎಚ್ ಮಟ್ಟ 7.35ರಿಂದ 7.45ರ ಒಳಗೇ ಇರಬೇಕು. ಶ್ವಾಸಕೋಶ ಮತ್ತು ಮೂತ್ರಪಿಂಡಗಳು ಹಗಲೂ ರಾತ್ರಿ ಅದನ್ನು ಕಾಯುತ್ತವೆ. ನೀವು ಒಂದು ಲೋಟವಲ್ಲ, ನಾಲ್ಕು ಲೋಟ ನಿಂಬೆರಸ ಕುಡಿದರೂ ರಕ್ತ ಹುಳಿಯಾಗುವುದಿಲ್ಲ. ಆಗಲೂ ಬಾರದು.

ಇನ್ನು ಬ್ಲಾಕೇಜ್ ಎಂಬುದು ಪೈಪಿನೊಳಗೆ ಅಂಟಿದ ಪಾಚಿಯಲ್ಲ. ಅದು ರಕ್ತನಾಳದ ಗೋಡೆಯ ಒಳಗೇ ಸೇರಿಕೊಂಡ ಕೊಬ್ಬು, ಜೀವಕೋಶಗಳು, ನಾರು ಮತ್ತು ಕ್ಯಾಲ್ಸಿಯಂ. ಅದರ ಮೇಲೆ ಪದರವೂ ಇರುತ್ತದೆ. ತೊಳೆದರೆ ಹೋಗುವಂಥದ್ದಲ್ಲ.

ಹಾಗಾದರೆ ಆ ನಿಂಬೆರಸ ತನ್ನ ಪೂರ್ತಿ ಶಕ್ತಿಯೊಂದಿಗೆ ಮುಟ್ಟುವ ಕ್ಯಾಲ್ಸಿಯಂ ದೇಹದಲ್ಲಿ ಯಾವುದು? ಬಾಯಿಯಲ್ಲಿರುವುದು, ನಿಮ್ಮ ಹಲ್ಲು. ಬ್ಲಾಕೇಜಿಗೆಂದು ಕುಡಿದ ಮದ್ದು ಹಲ್ಲನ್ನು ಮುಟ್ಟಿ ಅಲ್ಲಿಗೇ ತನ್ನ ಕೆಲಸ ಮುಗಿಸಿಬಿಡುತ್ತದೆ.

*ಎನಾಮೆಲ್ ಎಂಬ ಕವಚ*

ನಮ್ಮ ದೇಹದಲ್ಲಿ ಅತಿ ಗಟ್ಟಿಯಾದ ವಸ್ತು ಮೂಳೆಯಲ್ಲ, ಎನಾಮೆಲ್. ತೂಕದ ಲೆಕ್ಕದಲ್ಲಿ ಅದರ ಸುಮಾರು 96 ಭಾಗ ಖನಿಜವೇ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆದ ಹರಳುಗಳು. ದವಡೆ ಹಲ್ಲಿನ ತುದಿಯಲ್ಲಿ ಅದರ ದಪ್ಪ ಹೆಚ್ಚೆಂದರೆ ಎರಡೂವರೆ ಮಿಲಿಮೀಟರ್, ಒಸಡಿನ ಬಳಿ ತೀರಾ ತೆಳು. ಇಷ್ಟರಲ್ಲೇ ಎಪ್ಪತ್ತು ಎಂಬತ್ತು ವರ್ಷ ಸಾಗಬೇಕು.

ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಮಾಯುತ್ತದೆ. ಏಕೆಂದರೆ ಅಲ್ಲಿ ಜೀವಕೋಶಗಳಿವೆ. ಎನಾಮೆಲ್ ಕಟ್ಟಿದ ಜೀವಕೋಶಗಳು ಹಲ್ಲು ಹೊರಗೆ ಬರುವ ಹೊತ್ತಿಗೇ ಕೆಲಸ ಮುಗಿಸಿ ಹೊರಟುಹೋಗಿರುತ್ತವೆ. ಮನೆ ಕಟ್ಟಿದ ಮೇಸ್ತ್ರಿ ಊರೇ ಬಿಟ್ಟು ಹೋದಂತೆ. ಇರುವುದನ್ನು ಕಾಪಾಡಿಕೊಳ್ಳುವುದಷ್ಟೇ ನಮ್ಮ ಪಾಲಿಗೆ ಉಳಿದಿರುವುದು.

ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಖನಿಜ ಬಿಟ್ಟುಕೊಡಲು ಶುರುಮಾಡುತ್ತದೆ. ನಿಂಬೆರಸದ ಪಿಎಚ್ 2ರಿಂದ 2.5. ಕೋಲಾಗಳದ್ದು ಸುಮಾರು 2.5. ವಿನೆಗರಿನದು 2.5ರಿಂದ 3. ಈ ಲೆಕ್ಕದಲ್ಲಿ ಒಂದು ಅಂಕಿ ಕಡಿಮೆಯಾದರೆ ಹುಳಿ ಹತ್ತು ಪಟ್ಟು ಹೆಚ್ಚುತ್ತದೆ. ಅಂದರೆ 5.5ಕ್ಕೂ 2.5ಕ್ಕೂ ಸಾವಿರ ಪಟ್ಟು ವ್ಯತ್ಯಾಸ. "ನಾನು ನೀರು ಬೆರೆಸಿಯೇ ಕುಡಿಯುತ್ತೇನೆ" ಎನ್ನುವವರಿಗೆ ಒಂದು ಮಾತು: ಒಂದು ಲೋಟ ನೀರಿಗೆ ಅರ್ಧ ಹಣ್ಣು ಹಿಂಡಿದರೂ ಪಿಎಚ್ 3ರ ಆಸುಪಾಸಿನಲ್ಲೇ ಉಳಿಯುತ್ತದೆ. ಜೇನುತುಪ್ಪ ನಾಲಿಗೆಗೆ ಸಿಹಿ, ಆದರೆ ಅದೂ ಹುಳಿಯೇ, ಮೇಲೆ ಸಕ್ಕರೆ ಬೇರೆ.

ಇಷ್ಟೆಲ್ಲ ಇದ್ದರೂ ಹಲ್ಲು ಉಳಿದಿರುವುದು ಜೊಲ್ಲಿನ ಕೃಪೆಯಿಂದ. ಜೊಲ್ಲು ಹುಳಿಯನ್ನು ತೊಳೆದು ತೆಳುವಾಗಿಸುತ್ತದೆ, ಮೆತ್ತಗಾದ ಜಾಗಕ್ಕೆ ಕ್ಯಾಲ್ಸಿಯಂ, ಫಾಸ್ಫೇಟ್ ಮರಳಿಸುತ್ತದೆ. ಮೆತ್ತಗಾದದ್ದು ಹೀಗೆ ಮತ್ತೆ ಗಟ್ಟಿಯಾಗಬಹುದು. ಪೂರ್ತಿ ಕರಗಿ ಹೋದದ್ದು ಮಾತ್ರ ವಾಪಸು ಬರುವುದಿಲ್ಲ. ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆ, ಎದ್ದಾಗ ಬಾಯಿ ಒಣಗಿರುತ್ತದೆ. ಸರಿಯಾಗಿ ಆ ಹೊತ್ತಿಗೇ ನಾವು ನಿಂಬೆನೀರು ಗುಟುಕು ಗುಟುಕಾಗಿ ಕುಡಿದು, ಕೂಡಲೇ ಬ್ರಷ್ ಹಿಡಿದು ತಿಕ್ಕುತ್ತೇವೆ. ಹಲ್ಲು ಸವೆಸಲು ಇದಕ್ಕಿಂತ ಒಳ್ಳೆಯ ಕ್ರಮ ಹುಡುಕುವುದು ಕಷ್ಟ.

*ಹುಳಿ ನಮ್ಮ ಶತ್ರುವಲ್ಲ*

"ನಮ್ಮ ಅಜ್ಜಿ ಹುಣಸೆಹುಳಿ ತಿಂದೇ ಎಂಬತ್ತು ದಾಟಿದರು" ಎಂದು ಯಾರಾದರೂ ಹೇಳುತ್ತೀರಿ. ನಿಜ. ನಮ್ಮ ಊಟವೇ ಹುಳಿಯದು. ಸಾರು, ಹುಳಿ, ಗೊಜ್ಜು, ಪುಳಿಯೋಗರೆ, ಚಿತ್ರಾನ್ನ. ನಾವು ನೆಲೆಸಿದ ಊರುಗಳೂ ಕಡಿಮೆಯಿಲ್ಲ. ಮುಂಬೈ, ಪುಣೆಯ ಕೋಕಂ ಶರಬತ್ತು, ಚೆನ್ನೈಯ ವತ್ತಕೊಳಂಬು, ಹೈದರಾಬಾದಿನ ಗೋಂಗೂರ, ದೆಹಲಿಯ ಗೋಲ್‌ಗಪ್ಪ ನೀರು. ಇವನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ.

ಅಜ್ಜಿ ಹುಳಿ ತಿಂದದ್ದು ಊಟದ ಜೊತೆಗೆ. ಅನ್ನ ಅಗಿಯುವಾಗ ಜೊಲ್ಲು ಧಾರಾಳ ಬರುತ್ತದೆ. ಊಟ ಹತ್ತಿಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಕೊನೆಗೆ ಮೊಸರನ್ನವೋ ಮಜ್ಜಿಗೆ ಅನ್ನವೋ. ಮೊಸರು ಹುಳಿಯೇ ಆದರೂ ಅದರಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ತುಂಬಿರುವುದರಿಂದ ಅದು ಎನಾಮೆಲ್ ಕರಗಿಸುವುದಿಲ್ಲ. ಆಮೇಲೆ ಬಾಯಿ ಮುಕ್ಕಳಿಸುವುದು ಮನೆಯ ಪದ್ಧತಿ. ಇದನ್ನು ಯಾವ ಡೆಂಟಿಸ್ಟೂ ಅಜ್ಜಿಗೆ ಹೇಳಿಕೊಟ್ಟಿರಲಿಲ್ಲ.

ಇವತ್ತು ಬದಲಾಗಿರುವುದು ಹುಳಿಯ ಪ್ರಮಾಣಕ್ಕಿಂತ ಅದರ ಹೊತ್ತು ಮತ್ತು ಎಷ್ಟು ಸಲ ಎಂಬುದು. ಬೆಳಿಗ್ಗೆ ಖಾಲಿ ಹೊಟ್ಟೆಗೆ ನಿಂಬೆನೀರು. ಆಫೀಸಿನಲ್ಲಿ ಮೇಜಿನ ಮೇಲೊಂದು ಕೋಲಾ, ಎರಡು ಗಂಟೆ ಕಾಲ ಒಂದೊಂದೇ ಗುಟುಕು. ಜಿಮ್ಮಿನಲ್ಲಿ ಬೆವರಿ ಬಾಯಿ ಒಣಗಿದಾಗ ಸ್ಪೋರ್ಟ್ಸ್ ಡ್ರಿಂಕ್. ರಾತ್ರಿ ಊಟಕ್ಕೆ ಮುಂಚೆ ತೂಕ ಇಳಿಸಲು ವಿನೆಗರ್. ನಡುವೆ ಚೀಪುವ ವಿಟಮಿನ್ ಸಿ ಮಾತ್ರೆ. ಜೊಲ್ಲಿಗೆ ರಿಪೇರಿ ಮಾಡಲು ಬಿಡುವೇ ಇಲ್ಲ. ಒಂದು ಬಾಟಲಿಯನ್ನು ಐದು ನಿಮಿಷದಲ್ಲಿ ಕುಡಿಯುವುದಕ್ಕಿಂತ ಎರಡು ಗಂಟೆ ಗುಟುಕರಿಸುವುದು ಹಲ್ಲಿಗೆ ಹೆಚ್ಚು ಹಾನಿ.

*ಹಳದಿ ಕಂಡರೆ ಇನ್ನಷ್ಟು ತಿಕ್ಕುವ ಚಟ*

ಎನಾಮೆಲ್ ಅರೆಪಾರದರ್ಶಕ. ಅದರ ಕೆಳಗಿನ ಪದರ ಡೆಂಟಿನ್, ಬಣ್ಣ ಹಳದಿ. ಮೇಲಿನದು ತೆಳುವಾದಷ್ಟೂ ಕೆಳಗಿನ ಹಳದಿ ಎದ್ದು ಕಾಣುತ್ತದೆ. ಜನ ಇದನ್ನು ಕೊಳೆ ಎಂದುಕೊಳ್ಳುತ್ತಾರೆ. ಆಗ ಇನ್ನೊಂದು ಸಂದೇಶ ನೆರವಿಗೆ ಬರುತ್ತದೆ: "ಅಡುಗೆ ಸೋಡಾಗೆ ನಿಂಬೆರಸ ಕಲಸಿ ಉಜ್ಜಿ, ಮುತ್ತಿನಂಥ ಹಲ್ಲು." ಇಲ್ಲವೇ ಇದ್ದಿಲ ಪುಡಿ, ಉಪ್ಪು, ಗಟ್ಟಿ ಬ್ರಷ್. ಹುಳಿಯಿಂದ ಮೆತ್ತಗಾದ ಮೇಲ್ಮೈಯನ್ನು ಒರಟು ಪುಡಿ ಕೆರೆದು ತೆಗೆಯುತ್ತದೆ. ಒಂದೆರಡು ವಾರ ಹೊಳಪು, ಆಮೇಲೆ ಇನ್ನಷ್ಟು ಹಳದಿ, ಮತ್ತೆ ಇನ್ನಷ್ಟು ತಿಕ್ಕಾಟ.

ಮಹಾರಾಷ್ಟ್ರದಲ್ಲಿರುವವರಿಗೆ ಮಿಶ್ರಿ ಗೊತ್ತಿರುತ್ತದೆ. ಹುರಿದು ಪುಡಿಮಾಡಿದ ತಂಬಾಕನ್ನು ಹಲ್ಲಿಗೆ, ಒಸಡಿಗೆ ಉಜ್ಜುವುದು. ತಂಬಾಕು ಬೆರೆಸಿದ ಟೂತ್‌ಪೇಸ್ಟ್, ಹಲ್ಲುಪುಡಿಗಳನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ. ಆದರೆ ಮನೆಯಲ್ಲೇ ಹುರಿದುಕೊಳ್ಳುವ ಮಿಶ್ರಿಗೆ ಯಾವ ಲೇಬಲ್ಲೂ ಇಲ್ಲ. ಇದು ಹಲ್ಲಿಗೂ ಕೆಟ್ಟದ್ದು, ಬಾಯಿಯ ಕ್ಯಾನ್ಸರಿಗೂ ದಾರಿ, ನಿಕೋಟಿನ್ ಕಾರಣದಿಂದ ಹೃದಯಕ್ಕೂ ಹೊರೆ. ಮನೆಯಲ್ಲಿ, ಮನೆಗೆಲಸಕ್ಕೆ ಬರುವವರಲ್ಲಿ ಯಾರಾದರೂ ಬಳಸುತ್ತಿದ್ದರೆ ದಯವಿಟ್ಟು ಹೇಳಿ.

ಎನಾಮೆಲ್ ಸವೆಯುತ್ತಿದೆ ಎಂಬುದಕ್ಕೆ ಈ ಗುರುತುಗಳನ್ನು ನೋಡಿ:

👉 ತಣ್ಣೀರು, ಬಿಸಿ ಕಾಫಿ, ಸಿಹಿ ತಾಗಿದರೆ ಹಲ್ಲು ಜುಮ್ ಎನ್ನುವುದು
👉 ಮುಂದಿನ ಹಲ್ಲುಗಳ ಅಂಚು ಗಾಜಿನಂತೆ ತೆಳ್ಳಗೆ ಕಾಣುವುದು, ಚೂರುಚೂರೇ ಒಡೆಯುವುದು
👉 ದವಡೆ ಹಲ್ಲಿನ ಮೇಲೆ ಪುಟ್ಟ ಬಟ್ಟಲಿನಂಥ ಗುಳಿ ಬೀಳುವುದು
👉 ಹಳೆಯ ಫಿಲ್ಲಿಂಗ್ ಹಲ್ಲಿಗಿಂತ ಎತ್ತರವಾಗಿ ಎದ್ದು ನಿಲ್ಲುವುದು. ಫಿಲ್ಲಿಂಗ್ ಬೆಳೆದಿರುವುದಿಲ್ಲ, ಸುತ್ತಲಿನ ಹಲ್ಲು ಇಳಿದಿರುತ್ತದೆ

*ಬಿಪಿ, ಹೃದಯದ ತೊಂದರೆ ಇರುವವರಿಗೆ ಪ್ರತ್ಯೇಕ ಮಾತು*

*ಎದೆಯುರಿ:* ಹೊಟ್ಟೆಯ ಆಮ್ಲ ಮೇಲಕ್ಕೆ ಬಂದರೆ ಎದೆ ಉರಿಯುತ್ತದೆ, ಹೃದಯವೇ ಏನೋ ಎಂದು ಜನ ಓಡಿಬರುತ್ತಾರೆ. ಬರುವುದೇ ಸರಿ. ಇಸಿಜಿ ಮಾಡಿಸದೆ "ಗ್ಯಾಸ್" ಎಂದು ಸೋಡಾ ಕುಡಿದು ಕೂರಬೇಡಿ. ಹೃದಯ ಸರಿಯಿದೆ, ಆಮ್ಲದ್ದೇ ತೊಂದರೆ ಎಂದು ಖಚಿತವಾದ ಮೇಲೆ ಹಲ್ಲನ್ನೂ ತೋರಿಸಿ. ಈ ಆಮ್ಲ ನಿಂಬೆಗಿಂತ ತೀಕ್ಷ್ಣ. ಮೇಲಿನ ಮುಂದಿನ ಹಲ್ಲುಗಳ ಒಳಬದಿಯನ್ನು ಸದ್ದಿಲ್ಲದೆ ಕರಗಿಸುತ್ತದೆ, ಕನ್ನಡಿಯಲ್ಲಿ ಕಾಣುವುದಿಲ್ಲ.

*ಬಾಯಿ ಒಣಗುವುದು:* ನಾವು ಕೊಡುವ ಕೆಲವು ಮಾತ್ರೆಗಳಿಂದ, ಮುಖ್ಯವಾಗಿ ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಗಳಿಂದ, ಬಾಯಿ ಒಣಗಬಹುದು. ಅಲರ್ಜಿ, ಖಿನ್ನತೆಯ ಮಾತ್ರೆಗಳಿಂದಲೂ ಹೀಗಾಗುತ್ತದೆ. ಮಾತ್ರೆ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ. ಜೊಲ್ಲು ಕಡಿಮೆ ಇರುವವರಿಗೆ ನಿಂಬೆನೀರು ದುಪ್ಪಟ್ಟು ಹಾನಿ.

*ಹಲ್ಲು ಕಡಿಯುವುದು, ಗೊರಕೆ:* ನಿದ್ದೆಯಲ್ಲಿ ಹಲ್ಲು ಕಡಿಯುವವರ ಹಲ್ಲು ಚಪ್ಪಟೆಯಾಗಿ ಸವೆಯುತ್ತದೆ. ಜೊತೆಗೆ ಜೋರು ಗೊರಕೆ, ನಡುನಡುವೆ ಉಸಿರು ನಿಂತಂತಾಗುವುದು, ಹಗಲು ತೂಕಡಿಕೆ ಇದ್ದರೆ ಸ್ಲೀಪ್ ಆಪ್ನಿಯಾ ಇದೆಯೇ ಎಂದು ಪರೀಕ್ಷೆ ಆಗಬೇಕು. ಅದು ಬಿಪಿ ಏರಿಸುವ ಕಾಯಿಲೆ. ಗೊರಕೆಯ ಸುದ್ದಿ ಹೇಳಬೇಕಾದವರು ಪಕ್ಕದಲ್ಲಿ ಮಲಗುವವರು.

*ದವಡೆ ನೋವು:* ಎನಾಮೆಲ್ ಸವೆದ ಹಲ್ಲು ನೋಯುವುದು ತಂಪು, ಬಿಸಿ, ಸಿಹಿ ತಾಗಿದಾಗ. ಆದರೆ ದಾದರ್ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಕೆಳದವಡೆ ನೋಯ್ದು, ನಿಂತರೆ ಕಡಿಮೆಯಾದರೆ ಅದು ಹಲ್ಲುನೋವಲ್ಲದಿರಬಹುದು, ಹೃದಯದ ನೋವಿರಬಹುದು. ತಡಮಾಡದೆ ತೋರಿಸಿ. ಕೂತಲ್ಲೇ ದವಡೆ ನೋವು, ಬೆವರು, ಎದೆಭಾರ ಬಂದರಂತೂ ನೇರ ಆಸ್ಪತ್ರೆಗೆ.

*ಸ್ಟೆಂಟ್, ವಾಲ್ವ್ ಹಾಕಿಸಿಕೊಂಡವರು:* ಹಲ್ಲು ಕೀಳಿಸಲೆಂದು ರಕ್ತ ತೆಳುಮಾಡುವ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ, ಸ್ಟೆಂಟ್ ಮುಚ್ಚಿಹೋಗುವ ಅಪಾಯವಿದೆ. ಕೃತಕ ವಾಲ್ವ್ ಇರುವವರು ಅದನ್ನು ಡೆಂಟಿಸ್ಟರಿಗೆ ಮೊದಲೇ ಹೇಳಿ. ಕೆಲವು ಚಿಕಿತ್ಸೆಗೆ ಮುಂಚೆ ಆಂಟಿಬಯೋಟಿಕ್ ಬೇಕಾಗುತ್ತದೆ.

*ಹಾಗಾದರೆ ಏನು ಮಾಡಬೇಕು?*

1️⃣ ಬೆಳಿಗ್ಗೆ ಬರೀ ನೀರು ಕುಡಿಯಿರಿ. ನಿಂಬೆನೀರು ಬೇಕೇ ಬೇಕೆಂದರೆ ಊಟದ ಜೊತೆಗೆ, ಒಂದೇ ಸಲಕ್ಕೆ ಕುಡಿದು ಮುಗಿಸಿ. ಬಾಯಲ್ಲಿ ಹಿಡಿದುಕೊಳ್ಳಬೇಡಿ.

2️⃣ ಹುಳಿ ಕುಡಿದ ಮೇಲೆ ಸಾದಾ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಅರ್ಧ ಗಂಟೆಯಿಂದ ಒಂದು ಗಂಟೆ ಬ್ರಷ್ ಮಾಡಬೇಡಿ. ವಾಂತಿಯಾದಾಗಲೂ ಇದೇ ನಿಯಮ.

3️⃣ ಮೃದು ಬ್ರಷ್, ಹಗುರ ಕೈ, ಎರಡು ನಿಮಿಷ, ದಿನಕ್ಕೆ ಎರಡು ಸಲ. ರಾತ್ರಿಯದನ್ನು ತಪ್ಪಿಸಬೇಡಿ, ಏಕೆಂದರೆ ಆಮೇಲೆ ಕಾಯಲು ಜೊಲ್ಲು ಇರುವುದಿಲ್ಲ. ಮೂರು ತಿಂಗಳಿಗೊಮ್ಮೆ ಬ್ರಷ್ ಬದಲಿಸಿ.

4️⃣ ಪೇಸ್ಟಿನ ಡಬ್ಬಿಯ ಮೇಲೆ ಫ್ಲೋರೈಡ್ ಎಂದಿದೆಯೇ ನೋಡಿ. ಎಷ್ಟೋ ಹರ್ಬಲ್ ಪೇಸ್ಟುಗಳಲ್ಲಿ ಅದು ಇರುವುದಿಲ್ಲ. ಫ್ಲೋರೈಡ್ ಸೇರಿದ ಎನಾಮೆಲ್ ಪಿಎಚ್ 4.5ರ ತನಕ ತಡೆದುಕೊಳ್ಳುತ್ತದೆ. ನಮ್ಮ ದೇಶದಲ್ಲಿ ಪೇಸ್ಟಿಗೆ 1000 ಪಿಪಿಎಂ ಮಿತಿ ಇದೆ. ಪಾವಗಡ, ನಲ್ಗೊಂಡ ಕಡೆಯವರಿಗೆ ಫ್ಲೋರೈಡ್ ಎಂದರೆ ಭಯ, ಅದಕ್ಕೆ ಕಾರಣವೂ ಇದೆ. ಆದರೆ ಅಲ್ಲಿ ತೊಂದರೆ ಬಂದದ್ದು ಹಲ್ಲು ಮೂಡುವ ವಯಸ್ಸಿನಿಂದಲೇ ಕುಡಿದ ನೀರಿನಿಂದ. ದೊಡ್ಡವರು ಉಗಿಯುವ ಪೇಸ್ಟಿನಿಂದ ಹಾಗಾಗುವುದಿಲ್ಲ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರ ತನಕ ಬಟಾಣಿಯಷ್ಟು ಪೇಸ್ಟ್ ಸಾಕು, ನುಂಗದಂತೆ ನೋಡಿಕೊಳ್ಳಿ.

5️⃣ ಕೋಲಾ, ಎನರ್ಜಿ ಡ್ರಿಂಕ್ ಬಿಟ್ಟರೆ ಹಲ್ಲು, ಹೃದಯ, ಸಕ್ಕರೆ ಮೂರಕ್ಕೂ ಒಳ್ಳೆಯದು. ಡಯಟ್ ಕೋಲಾದಲ್ಲಿ ಸಕ್ಕರೆ ಇಲ್ಲ, ಹುಳಿ ಇದೆ.

6️⃣ ಇದ್ದಿಲು, ಸೋಡಾ-ನಿಂಬೆ, ಇಟ್ಟಿಗೆ ಪುಡಿ, ಬೂದಿ ಯಾವುದೂ ಬೇಡ.

7️⃣ ವರ್ಷಕ್ಕೊಮ್ಮೆ ಡೆಂಟಿಸ್ಟರ ಬಳಿ ಹೋಗಿ. ಸಾವಿರಾರು ರೂಪಾಯಿಯ ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಟ್ರೆಡ್‌ಮಿಲ್, ಎಕೋ ಎಲ್ಲ ಇರುತ್ತವೆ, ಬಾಯಿ ತೆಗೆದು ನೋಡುವವರು ಅನೇಕ ಕಡೆ ಇರುವುದಿಲ್ಲ. ಕೇಳಿ ಮಾಡಿಸಿಕೊಳ್ಳಿ.

*ಭಯ ಹುಟ್ಟಿಸಿ ಹಲ್ಲು ಉಳಿಸಬೇಕಿಲ್ಲ*

ಇದರ ವಿರುದ್ಧ ದಿಕ್ಕಿನ ಸಂದೇಶವೂ ಓಡಾಡುತ್ತದೆ: "ಹಲ್ಲು ಉಜ್ಜದಿದ್ದರೆ ಹಾರ್ಟ್ ಅಟ್ಯಾಕ್ ಗ್ಯಾರಂಟಿ." ಅದನ್ನೂ ನಾನು ಒಪ್ಪುವುದಿಲ್ಲ. ಒಸಡಿನ ಕಾಯಿಲೆ ಇರುವವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡುಬರುತ್ತದೆ ಎಂಬುದು ನಿಜ. ಆದರೆ ಒಂದರಿಂದಲೇ ಇನ್ನೊಂದು ಬರುತ್ತದೆ ಎನ್ನಲು ಆಧಾರ ಸಾಲದು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲೇ ಹೇಳಿದೆ. ತಂಬಾಕು, ಸಕ್ಕರೆ ಕಾಯಿಲೆ ಎರಡಕ್ಕೂ ಸಮಾನ ಕಾರಣಗಳು. ಹಲ್ಲು ಕಾಪಾಡಿಕೊಳ್ಳಲು ಹೃದಯದ ಹೆದರಿಕೆ ಬೇಕಾಗಿಲ್ಲ. ಎಪ್ಪತ್ತನೇ ವಯಸ್ಸಿನಲ್ಲಿ ಜೋಳದ ರೊಟ್ಟಿ, ಕಡಲೆ, ಸೌತೆಕಾಯಿ ಕೋಸಂಬರಿ ಅಗಿದು ತಿನ್ನುವ ಸುಖವೇ ಸಾಕಷ್ಟು ಕಾರಣ. ಹಲ್ಲಿಲ್ಲದವರು ಕೊನೆಗೆ ಮೆತ್ತನೆಯ ಅನ್ನ, ಬ್ರೆಡ್, ಬಿಸ್ಕತ್ತಿಗೆ ಇಳಿಯುತ್ತಾರೆ. ನಾವು ಹೃದಯಕ್ಕೆ ಒಳ್ಳೆಯದೆಂದು ಬರೆದುಕೊಡುವ ಕಾಳು, ತರಕಾರಿ, ಬಾದಾಮಿ ಅವರಿಗೆ ಕಾಗದದ ಮೇಲಷ್ಟೇ ಉಳಿಯುತ್ತವೆ.

ಉಚಿತ ಸಂದೇಶಕ್ಕೆ ಬೆಲೆ ಇಲ್ಲ ಎಂದುಕೊಳ್ಳಬೇಡಿ. ಅದನ್ನು ನಂಬಿ ಸ್ಟಾಟಿನ್ ಮಾತ್ರೆ ಬಿಟ್ಟವರು ಹೃದಯದಿಂದ ಬೆಲೆ ಕೊಡುತ್ತಾರೆ. ಮಾತ್ರೆ ಬಿಡದೆ ಬರೀ ನಿಂಬೆನೀರು ಕುಡಿದವರು ಹಲ್ಲಿನಿಂದ ಕೊಡುತ್ತಾರೆ. ಸವೆದ ಹಲ್ಲಿಗೆ ರೂಟ್ ಕೆನಾಲ್, ಕ್ಯಾಪ್ ಎಂದು ಹೋದರೆ ಒಂದೊಂದಕ್ಕೂ ಸಾವಿರಗಟ್ಟಲೆ ಖರ್ಚು, ಸಾಮಾನ್ಯ ಆರೋಗ್ಯ ವಿಮೆಗಳು ಅಪಘಾತದ ಹೊರತು ಅದನ್ನು ಬಹುತೇಕ ಕೊಡುವುದಿಲ್ಲ.

ನಿಮ್ಮ ಬಳಗದಲ್ಲಿ ಆ ಹಳೆಯ ಸಂದೇಶ ಮತ್ತೆ ಬಂದರೆ ಕಳುಹಿಸಿದವರ ಮೇಲೆ ಸಿಟ್ಟಾಗಬೇಡಿ. ಅವರು ಪ್ರೀತಿಯಿಂದಲೇ ಕಳುಹಿಸಿರುತ್ತಾರೆ. "ಮಾವ, ಇದು ಬ್ಲಾಕೇಜ್ ಕರಗಿಸುವುದಿಲ್ಲವಂತೆ, ಹಲ್ಲು ಕರಗಿಸುತ್ತದಂತೆ. ಮಾತ್ರೆ ಬಿಟ್ಟಿಲ್ಲ ತಾನೇ?" ಎಂದು ಒಂದು ಫೋನ್ ಮಾಡಿ. ಬಿಟ್ಟಿದ್ದರೆ ಅವರ ಡಾಕ್ಟರ ಬಳಿ ಕರೆದುಕೊಂಡು ಹೋಗಿ. ನಿಂಬೆಹಣ್ಣು ಚಿತ್ರಾನ್ನಕ್ಕೆ ಇರಲಿ. 🙏

— ಹೃದ್ರೋಗ ತಜ್ಞ, ಎಂ.ಡಿ.

(ಉಪಯುಕ್ತ ಅನ್ನಿಸಿದರೆ ಮನೆಯ ಹಿರಿಯರಿಗೆ ಓದಿ ಹೇಳಿ. ಇದು ಸಾಮಾನ್ಯ ಮಾಹಿತಿ. ನಿಮ್ಮ ಮಾತ್ರೆ, ಚಿಕಿತ್ಸೆಯ ಬದಲಾವಣೆ ನಿಮ್ಮ ವೈದ್ಯರನ್ನು ಕೇಳಿಯೇ ಆಗಲಿ.)